ಕಿಲುಬು ಹಿಡಿದ ಬ್ರೇಕ್ ಲೈಟ್ ಹೋಲ್ಡರ್ ಬದಲಿಸುವ ಬಗೆ

ನಮ್ಮ ಮನೆ ಮರವಂತೆ ಹತ್ತಿರ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ 66. ಹೊರಗಿನಿಂದ ಬಂದವರು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಇಲ್ಲೇ ಇರುವ ನಾವು ಗಾಡಿ ಒರೆಸುತ್ತಾ ಕೂರುತ್ತೇವೆ. ರಾತ್ರಿ ಹೊರಗೆ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಬೆಳಿಗ್ಗೆ ಬೆರಳು ಎಳೆದು ನಾಲಿಗೆಗೆ ಇಟ್ಟರೆ ಉಪ್ಪು. ಅದರ ಜೊತೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಇಂಥ ಜಾಗದಲ್ಲಿ ನನ್ನ 1999ರ ಮಾರುತಿ 800 ಇನ್ನೂ ಓಡುತ್ತಿದೆ ಅಂದರೆ ಅದೇ ದೊಡ್ಡದು. ಆದ್ದರಿಂದ ಮುಂದೆ ಹೇಳುವ ತೊಂದರೆಗೆ ಗಾಡಿಯನ್ನು ಬೈಯುವಂತಿಲ್ಲ.

ಕಳೆದ ಮೇ ತಿಂಗಳಲ್ಲಿ ಒಂದು ಸಂಜೆ ಕುಂದಾಪುರದ ನನ್ನ ಜೆರಾಕ್ಸ್ ಅಂಗಡಿಗೆ ಬಾಗಿಲು ಹಾಕಿ ಮನೆಗೆ ಬರುತ್ತಿದ್ದೆ. ಹಿಂದೆ ಸ್ಕೂಟರಿನಲ್ಲಿ ಭಾವ. ಅಂಗಳದಲ್ಲಿ ಇಳಿದವರೇ, "ಬ್ರೇಕ್ ಒತ್ರೆ ನಿನ್ ಗಾಡಿ ಕಣ್ಣ್ ಹೊಡಿತ್ತ್ ಮಾರಾಯ" ಅಂದರು. ನೋಡಿದರೆ ಹೌದು. ಬ್ರೇಕ್ ಒತ್ತಿದಾಗ ಬಲಗಡೆ ಸರಿಯಾಗಿ ಕೆಂಪಗೆ ಹತ್ತುತ್ತದೆ. ಎಡಗಡೆ ಮಂಕು. ಜೊತೆಗೆ ಎಡಗಡೆಯ ಇಂಡಿಕೇಟರ್ ಬೂದಿ ಮುಚ್ಚಿದ ಕೆಂಡದ ಹಾಗೆ ಸಣ್ಣಗೆ ಮಿನುಗುತ್ತದೆ. ಪಾರ್ಕಿಂಗ್ ಲೈಟ್ ಹಾಕದೇ ಇದ್ದರೂ ನಂಬರ್ ಪ್ಲೇಟಿನ ಬಲ್ಬು ಕೂಡ ಸ್ವಲ್ಪ ಹತ್ತುತ್ತದೆ!

ಇದಕ್ಕೆ ಮುಂಚೆ ಎರಡು ವರ್ಷದಲ್ಲಿ ಮೂರು ಸಲ ಎಡಗಡೆಯ ಬಲ್ಬು ಬದಲಾಗಿತ್ತು. ಪ್ರತಿ ಸಲ ಗ್ಯಾರೇಜಿನವರು ಹೊಸ ಬಲ್ಬು ಹಾಕಿ, ಹೋಲ್ಡರನ್ನು ಸ್ವಲ್ಪ ಕೆರೆದು, "ಆಯ್ತು, ಹೋಗಿ" ಅಂದು ಕಳಿಸಿದ್ದರು. ಹೊಸ ಬಲ್ಬಿನ ಹಿತ್ತಾಳೆ ಸ್ವಲ್ಪ ದಿನ ಚೊಕ್ಕವಾಗಿ ತಾಗುತ್ತದೆ, ಆಮೇಲೆ ಹಳೇ ಕಥೆ. ಬಲ್ಬಿನ ತಪ್ಪು ಅಂತ ನಾನೂ ನಂಬಿಕೊಂಡಿದ್ದೆ.

ಮೊದಲು ಈ ಕಣ್ಣು ಹೊಡೆಯುವ ವಿಷಯ ಅರ್ಥ ಮಾಡಿಕೊಳ್ಳೋಣ. ಇದು ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ. ಹಿಂದಿನ ಕೆಂಪು ಲೈಟಿನಲ್ಲಿ ಇರುವುದು ಎರಡು ಫಿಲಮೆಂಟಿನ ಒಂದೇ ಬಲ್ಬು. ಡಬ್ಬಿ ಮೇಲೆ 12ವಿ 21/5ಡಬ್ಲ್ಯೂ ಅಂತ ಬರೆದಿರುತ್ತದೆ. 21 ವ್ಯಾಟಿನ ಎಳೆ ಬ್ರೇಕಿಗೆ, 5 ವ್ಯಾಟಿನ ಎಳೆ ರಾತ್ರಿ ಲೈಟಿಗೆ, ಅಂದರೆ ಪಾರ್ಕಿಂಗ್ ಲೈಟಿಗೆ. ಎರಡಕ್ಕೂ ಕರೆಂಟು ಬರುವ ದಾರಿ ಬೇರೆ ಬೇರೆ, ವಾಪಸ್ ಹೋಗುವ ದಾರಿ ಮಾತ್ರ ಒಂದೇ. ಅದೇ ಅರ್ತ್, ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಹೋಗುವ ದಾರಿ. ಆ ಅರ್ತ್ ಮುಚ್ಚಿಹೋದರೆ ಬ್ರೇಕಿನ ಕರೆಂಟು ಸುಮ್ಮನೆ ಕೂರುವುದಿಲ್ಲ. 21ರ ಎಳೆ ದಾಟಿ, ಪಕ್ಕದ 5ರ ಎಳೆಯಲ್ಲಿ ಹಿಂದಕ್ಕೆ ನುಗ್ಗಿ, ರಾತ್ರಿ ಲೈಟಿನ ವೈರು ಹಿಡಿದು, ನಂಬರ್ ಪ್ಲೇಟಿನ ಬಲ್ಬಿನ ಮೂಲಕ ಅರ್ತ್ ಹುಡುಕಿಕೊಂಡು ಹೋಗುತ್ತದೆ. ಇಂಡಿಕೇಟರ್ ಕೂಡ ಅದೇ ಅರ್ತಿಗೆ ಸೇರಿದ್ದರೆ ಅದೂ ಮಿನುಗುತ್ತದೆ. ಅಣೆಕಟ್ಟಿನ ಬಾಗಿಲು ಕಟ್ಟಿದರೆ ನೀರು ಗದ್ದೆಗೆ ನುಗ್ಗುವುದಿಲ್ಲವೇ, ಹಾಗೆ. ಸಂಬಂಧ ಇಲ್ಲದ ಲೈಟು ಹತ್ತಿದರೆ ಮೊದಲು ಅರ್ತ್ ನೋಡಿ. ಎರಡೂ ಕಡೆಯ ಬ್ರೇಕ್ ಲೈಟ್ ಒಟ್ಟಿಗೇ ಸತ್ತಿದ್ದರೆ ಕಥೆ ಬೇರೆ. ಆಗ ಫ್ಯೂಸು, ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್ಚು ಮೊದಲು ನೋಡಬೇಕು, ಹೋಲ್ಡರ್ ಬಿಚ್ಚುವುದು ಬೇಡ.

ಒಬ್ಬರೇ ಕೆಲಸ ಮಾಡುವಾಗ ಬ್ರೇಕ್ ಒತ್ತುವವರು ಯಾರು? ನಾನು ಒಂದು ಕೊತ್ತಳಿಗೆ ತುಂಡನ್ನು ಅಳತೆಗೆ ಕತ್ತರಿಸಿ ಸೀಟಿಗೂ ಪೆಡಲಿಗೂ ನಡುವೆ ಆನಿಸಿದೆ. ಇಲ್ಲಿ ಮಕ್ಕಳು ಕ್ರಿಕೆಟ್ ಬ್ಯಾಟ್ ಮಾಡಿಕೊಳ್ಳುತ್ತಾರಲ್ಲ, ತೆಂಗಿನ ಮಡಲಿನ ಆ ದಪ್ಪ ಬುಡ. ಮರದ ರೀಪಾದರೂ ಆದೀತು. ಹೆಚ್ಚಿನ ಹಳೇ ಗಾಡಿಗಳಲ್ಲಿ ಕೀ ಹಾಕದಿದ್ದರೂ ಬ್ರೇಕ್ ಲೈಟ್ ಹತ್ತುತ್ತದೆ. ಜಾಸ್ತಿ ಹೊತ್ತು ಬಿಡಬೇಡಿ. ಬ್ಯಾಟರಿಯೂ ಇಳಿಯುತ್ತದೆ, ಬಲ್ಬೂ ಕೈ ಸುಡುವಷ್ಟು ಕಾಯುತ್ತದೆ.

ಲ್ಯಾಂಪು ಬಿಚ್ಚುವ ರೀತಿ ಒಂದೊಂದು ಗಾಡಿಗೆ ಒಂದೊಂದು. ಕೆಲವಕ್ಕೆ ಹೊರಗಿನಿಂದ ಕೆಂಪು ಗಾಜಿಗೇ ಸ್ಕ್ರೂ ಇರುತ್ತದೆ, ಕೆಲವಕ್ಕೆ ಡಿಕ್ಕಿ ಒಳಗಿನಿಂದ ನಟ್ಟು. ತುಕ್ಕು ಹಿಡಿದ ಸ್ಕ್ರೂ ಕಂಡರೆ ಹಟಕ್ಕೆ ಬೀಳಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ನಾನು ಅವಸರ ಮಾಡಿ ಒಂದು ಸ್ಕ್ರೂವಿನ ತಲೆ ಸವೆಸಿದೆ. ಅದನ್ನು ತೆಗೆಯಲು ಹೋದ ಒಂದು ಗಂಟೆ ಹೋಲ್ಡರ್ ಕೆಲಸಕ್ಕಿಂತ ಜಾಸ್ತಿ.

ಬಲ್ಬು ಒತ್ತಿ ತಿರುಗಿಸಿ ತೆಗೆಯಿರಿ. ಬರದಿದ್ದರೆ ಎಣ್ಣೆ ಬಿಟ್ಟು ಕಾಯಿರಿ. ಗಾಜು ಒಡೆದರೆ ಬಟ್ಟೆ ಸುತ್ತಿ, ಕಟ್ಟಿಂಗ್ ಪ್ಲೇಯರಿನಿಂದ ಹಿತ್ತಾಳೆ ಭಾಗ ಹಿಡಿದು ತಿರುಗಿಸಿ. ಕಣ್ಣಿಗೆ ಕನ್ನಡಕ ಇರಲಿ.

ಈಗ ಒಳಗೆ ಟಾರ್ಚ್ ಹಾಕಿ ನೋಡಿ. ನನಗೆ ಕಂಡದ್ದು ಹೀಗೆ. ಹೋಲ್ಡರಿನ ಗೋಡೆಯಲ್ಲಿ ಕಂದು ತುಕ್ಕು. ತಳದಲ್ಲಿ ಬಲ್ಬಿಗೆ ಕರೆಂಟು ಮುಟ್ಟಿಸುವ ಎರಡು ಪಾಯಿಂಟಿನಲ್ಲಿ ಒಂದರ ಸುತ್ತ ಪಾಚಿಯ ಹಾಗೆ ಹಸಿರು. ಸ್ಪ್ರಿಂಗಿಗೆ ಒತ್ತುವ ಶಕ್ತಿಯೇ ಇಲ್ಲ, ಕಡ್ಡಿಯಿಂದ ಅದುಮಿದರೆ ಅಲ್ಲೇ ಕೂತಿತು. ಕಂದು ಬಣ್ಣದ್ದು ತುಕ್ಕು, ಕಬ್ಬಿಣಕ್ಕೆ ಬರುವುದು. ಹಸಿರು ಬಣ್ಣದ್ದು ಕಿಲುಬು, ತಾಮ್ರ ಹಿತ್ತಾಳೆಗೆ ಬರುವುದು. ಉಪ್ಪು ಮತ್ತು ನೀರು ಸೇರಿ ಮಾಡಿದ ಕೆಲಸ. ಎರಡೂ ಕರೆಂಟಿಗೆ ಅಡ್ಡ ನಿಲ್ಲುತ್ತವೆ.

ನಾನು ಮಲ್ಟಿಮೀಟರ್ ಹಿಡಿದು ಮೋಸ ಹೋದದ್ದು ಇಲ್ಲೇ. ಬಲ್ಬು ತೆಗೆದು, ಬ್ರೇಕ್ ಒತ್ತಿಸಿ, ಪಾಯಿಂಟಿಗೂ ಹೋಲ್ಡರಿನ ಲೋಹಕ್ಕೂ ಮೀಟರ್ ಹಿಡಿದೆ. 12.3 ವೋಲ್ಟ್ ತೋರಿಸಿತು. ಎಲ್ಲ ಸರಿ ಇದೆಯಲ್ಲ! ಆದರೆ ಮೀಟರ್ ಕುಡಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರಿನಲ್ಲಿ ತಾಮ್ರದ ಒಂದೇ ಒಂದು ಎಳೆ ಉಳಿದಿದ್ದರೂ ಅದಕ್ಕೆ ಸಾಕು. 21 ವ್ಯಾಟಿನ ಬಲ್ಬು ಕೇಳುವುದು ಸುಮಾರು 1.75 ಆಂಪಿಯರ್. ಆದ್ದರಿಂದ ಬಲ್ಬು ಹತ್ತಿರುವಾಗಲೇ ಅಳೆಯಬೇಕು. ಮೀಟರಿನ ಒಂದು ಮೊನೆ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಮೊನೆ ಬ್ಯಾಟರಿಯ ಮೈನಸ್ಸಿಗೆ ಉದ್ದದ ವೈರು ಎಳೆದು ಹಿಡಿಯಿರಿ. ಅರ್ತ್ ಸರಿ ಇದ್ದರೆ ಅಲ್ಲಿ ಸೊನ್ನೆ ಹತ್ತಿರ ಬರಬೇಕು. ನನಗೆ ಬಂದದ್ದು 2.6. ಅಂದರೆ ಬಲ್ಬಿಗೆ ಸೇರಬೇಕಾದ 2.6 ವೋಲ್ಟನ್ನು ಅರ್ತಿನ ದಾರಿಯ ಕಿಲುಬು ತಿನ್ನುತ್ತಿತ್ತು.

ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿದೆ. ದಾರಿಯಲ್ಲಿ ಒಂದೇ ಒಂದು ಓಮ್ ಅಡ್ಡಿ ಇದ್ದರೂ ಸುಮಾರು ಒಂದೂವರೆ ವೋಲ್ಟ್ ಹೋಗುತ್ತದೆ. ಬಲ್ಬಿನ ಬೆಳಕು ವೋಲ್ಟಿನ ಲೆಕ್ಕಕ್ಕಿಂತ ಬಹಳ ಬೇಗ ಇಳಿಯುತ್ತದೆ. ಒಂದೂವರೆ ವೋಲ್ಟ್ ಹೋದರೆ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ಹೀಗೆ ಕಳೆದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಆ ಕಿಲುಬಿನ ಜಾಗದಲ್ಲೇ ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಆಗಿದ್ದರೆ ಕರಗಿ ಕಂದಾಗಿರುವುದನ್ನು ನೀವೇ ನೋಡಬಹುದು.

ಕೆರೆದು ಚೊಕ್ಕ ಮಾಡಿದರೆ ಸಾಲದೇ? ಮೇಲೆ ಮೇಲೆ ಸ್ವಲ್ಪ ಹಸಿರು, ಸ್ಪ್ರಿಂಗ್ ಗಟ್ಟಿ ಇದೆ, ಪ್ಲಾಸ್ಟಿಕ್ ಕರಗಿಲ್ಲ ಅಂದರೆ ಸಾಕು. ಕಾಂಟ್ಯಾಕ್ಟ್ ಕ್ಲೀನರ್ (ಕರೆಂಟಿನ ಪಾಯಿಂಟು ಚೊಕ್ಕ ಮಾಡುವ ಸ್ಪ್ರೇ) ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬೇಕಾದರೆ ಸಣ್ಣ ಎಮರಿ ಪೇಪರನ್ನು ಹಗುರವಾಗಿ ಆಡಿಸಿ. ಆದರೆ ಸ್ಪ್ರಿಂಗ್ ಸತ್ತಿದ್ದರೆ, ಲೋಹ ಹಪ್ಪಳದ ಹಾಗೆ ಪದರ ಪದರ ಎದ್ದಿದ್ದರೆ, ಕೆರೆಯುವುದು ದಂಡ. ಮೇಲಿನ ಲೇಪನ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಹಿಡಿಯುತ್ತದೆ.

ಅಮ್ಮ ಹೊರಗೆ ಬಂದು ನೋಡಿ, "ಹುಣಸೆಹಣ್ಣು ಹಾಕಿ ತಿಕ್ಕು, ಹೊಳೀತದೆ" ಅಂದರು. ದೀಪಾವಳಿಗೆ ನೀರು ತುಂಬುವ ದಿನ ಹಂಡೆ ತಿಕ್ಕಿದ ಅನುಭವ ಅವರದ್ದು. ಮಾತು ಸುಳ್ಳಲ್ಲ, ಹುಳಿ ಕಿಲುಬು ತೆಗೆಯುತ್ತದೆ. ಆದರೆ ಹಂಡೆಯನ್ನು ಆಮೇಲೆ ನಾಲ್ಕು ಚೆಂಬು ನೀರು ಹೊಯ್ದು ತೊಳೆಯುತ್ತೇವೆ. ಹೋಲ್ಡರಿನ ಸಂದಿಯಲ್ಲಿ ಉಳಿದ ಹುಳಿಯನ್ನು ತೊಳೆಯುವವರು ಯಾರು? ಅದು ಅಲ್ಲೇ ಕೂತು ತಾಮ್ರ ತಿನ್ನುತ್ತದೆ.

ಹೊಸ ಹೋಲ್ಡರ್ ತರುವಾಗ ಹಳೆಯದನ್ನೂ ಬಲ್ಬನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ. ನಿಮ್ಮ ಗಾಡಿಯದ್ದೇ ಸಿಕ್ಕಿದರೆ ಅದೇ ಒಳ್ಳೆಯದು. ಸಿಗದಿದ್ದರೆ ಗುಜರಿಯಲ್ಲಿ ಒಳ್ಳೆಯದೊಂದು ಹುಡುಕಬಹುದು. ಬೆಂಗಳೂರಿನವರಿಗೆ ಗಾಡಿ ಬಿಡಿಭಾಗ ಸಿಗುವ ಜೆಸಿ ರೋಡ್ ಇದೆ. ನಾವು ಸಣ್ಣ ಊರಿನವರು ಎಲ್ಲ ಗಾಡಿಗೂ ಆಗುವ, ಬಾಲಕ್ಕೆ ವೈರು ಇರುವ ಹೋಲ್ಡರಿಗೆ ಒಗ್ಗಿಕೊಳ್ಳಬೇಕು. ಇಲ್ಲಿ ಎರಡು ಹೊಂಡ ಇವೆ. ನಾನು ಒಂದರಲ್ಲಿ ಬಿದ್ದೆ.

ಮೊದಲನೆಯದು ಪಿನ್ನು. ಬಲ್ಬಿನ ಸೊಂಟದಲ್ಲಿ ಎರಡು ಸಣ್ಣ ಮೊಳೆ ಇರುತ್ತವೆ. ಎರಡು ಫಿಲಮೆಂಟಿನ ಬಲ್ಬಿನಲ್ಲಿ ಒಂದು ಮೊಳೆ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ತಿರುಗಾಮುರುಗಾ ಕೂರಬಾರದು ಅಂತಲೇ ಹಾಗೆ ಮಾಡಿದ್ದು. ಇದಕ್ಕೆ ಬಿಎವೈ15ಡಿ ಅನ್ನುತ್ತಾರೆ. ಇಂಡಿಕೇಟರಿನ ಒಂದು ಫಿಲಮೆಂಟಿನ ಬಲ್ಬು ಬಿಎ15ಎಸ್, ಅದರ ಮೊಳೆಗಳು ಒಂದೇ ಮಟ್ಟದಲ್ಲಿ, ತಳದಲ್ಲಿ ಒಂದೇ ಚುಕ್ಕಿ. ಹೊರಗಿನಿಂದ ನೋಡಿದರೆ ಎರಡು ಹೋಲ್ಡರೂ ಒಂದೇ ತರ. ಅಂಗಡಿಯಲ್ಲೇ ಬಲ್ಬು ಹಾಕಿ ನೋಡಿ.

ಎರಡನೆಯದು, ನಾನು ಬಿದ್ದದ್ದು, ವೈರಿನ ಲೆಕ್ಕ. ನಾನು ತಂದದ್ದಕ್ಕೆ ಎರಡೇ ವೈರು. ಬ್ರೇಕಿಗೊಂದು, ರಾತ್ರಿ ಲೈಟಿಗೊಂದು. ಅರ್ತ್ ಎಲ್ಲಿ? ಆ ಹೋಲ್ಡರಿನ ಲೋಹದ ಮೈಯೇ ಅರ್ತ್. ಲೋಹದ ಲ್ಯಾಂಪಿನಲ್ಲಿ ಕೂರಿಸಿದರೆ ತಾನಾಗಿಯೇ ಬಾಡಿಗೆ ತಾಗುತ್ತದೆ. ಪ್ಲಾಸ್ಟಿಕ್ ಲ್ಯಾಂಪಿನಲ್ಲಿ ಕೂರಿಸಿದರೆ ಗಾಳಿಯಲ್ಲಿ ತೂಗುತ್ತದೆ. ಸಂಜೆ ಆರರವರೆಗೆ ಎಲ್ಲ ಜೋಡಿಸಿ ಬ್ರೇಕ್ ಒತ್ತಿದರೆ ಮತ್ತೆ ಅದೇ ಕಣ್ಣು ಹೊಡೆತ. ನಗುವುದೋ ಅಳುವುದೋ! ಮರುದಿನ ಹೋಗಿ ಮೂರು ವೈರಿನದ್ದು ತಂದೆ, 90 ರೂಪಾಯಿ. ಸಿಗದಿದ್ದರೆ ಎರಡು ವೈರಿನದ್ದರ ಮೈಗೆ ನೀವೇ ಒಂದು ವೈರು ಬೆಸೆದುಕೊಳ್ಳಬಹುದು.

ಕತ್ತರಿಸುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಅದಕ್ಕೂ ಮೊದಲು ಯಾವ ವೈರು ಯಾವುದಕ್ಕೆ ಅಂತ ಟೆಸ್ಟ್ ಲ್ಯಾಂಪ್ (ಎರಡು ವೈರು ಇರುವ ಸಣ್ಣ ಬಲ್ಬು) ಹಿಡಿದು ನೋಡಿ, ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆದುಬಿಡಿ. ಬ್ರೇಕ್ ಒತ್ತಿದಾಗ ಹತ್ತುವುದು 'ಬ್ರೇಕ್', ಪಾರ್ಕಿಂಗ್ ಹಾಕಿದಾಗ ಹತ್ತುವುದು 'ರಾತ್ರಿ'. ಬಣ್ಣ ನಂಬಬೇಡಿ. ಇಪ್ಪತ್ತೈದು ವರ್ಷದಲ್ಲಿ ಯಾರ್ಯಾರೋ ಕೈ ಹಾಕಿರುತ್ತಾರೆ, ಬಣ್ಣವೂ ಬಿಸಿಲಿಗೆ ಮಾಸಿರುತ್ತದೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಕತ್ತರಿಸಿ. ಹೋಲ್ಡರಿನಿಂದ ಎರಡು ಇಂಚು ಬಿಟ್ಟು ಕತ್ತರಿಸಿ ಅರ್ತ್ ವೈರಿನ ಸಿಪ್ಪೆ ಸುಲಿದೆ. ಒಳಗೆ ತಾಮ್ರ ಇರಲಿಲ್ಲ. ಕಪ್ಪು ಕೂದಲಿನ ಜಡೆ ಇದ್ದ ಹಾಗೆ ಇತ್ತು. ಉಗುರಿನಿಂದ ಎಳೆದರೆ ಎಳೆಗಳು ಪುಡಿಯಾಗಿ ಅಂಗೈ ಮೇಲೆ ಹಸಿರು ಹಿಟ್ಟು ಬಿತ್ತು. ಹೊರಗಿನ ಸಿಪ್ಪೆ ಮಾತ್ರ ನುಣ್ಣಗೆ, ಏನೂ ಆಗಿಲ್ಲದ ಹಾಗೆ. ಹೋಲ್ಡರಿನ ಕಡೆಯಿಂದ ನೀರು ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿತ್ತು. ಇನ್ನೊಂದು ಇಂಚು ಕತ್ತರಿಸಿದೆ, ಕಪ್ಪು. ಮತ್ತೊಂದು ಇಂಚು, ಕಂದು. ಐದನೇ ಇಂಚಿಗೆ ಹಬ್ಬದ ಹಂಡೆಯ ಬಣ್ಣ ಬಂತು, ಕೆಂಪಗೆ ಹೊಳೆಯುವ ತಾಮ್ರ. ಅಲ್ಲಿವರೆಗೆ ಹೋಗಲೇಬೇಕು. ಕಪ್ಪು ಎಳೆಗೆ ಬೆಸುಗೆ ಹಿಡಿಯುವುದಿಲ್ಲ. ಮೂರು ಸಲ ಬಲ್ಬು ಬದಲಿಸಿದವರು ಯಾರೂ ಈ ಐದು ಇಂಚು ನೋಡಿರಲಿಲ್ಲ.

ಉದ್ದ ಕಡಿಮೆ ಬಿದ್ದರೆ ಒಂದು ಚದರ ಮಿಲಿಮೀಟರಿನ, ಹಲವು ಎಳೆಗಳ ಗಾಡಿ ವೈರು ಜೋಡಿಸಿ. ಮೂರೂ ವೈರಿನ ಜೋಡಣೆ ಒಂದೇ ಜಾಗದಲ್ಲಿ ಬಾರದ ಹಾಗೆ ಒಂದನ್ನು ಗಿಡ್ಡ, ಒಂದನ್ನು ಉದ್ದ ಕತ್ತರಿಸಿ. ಇಲ್ಲದಿದ್ದರೆ ಮೂರು ಗಂಟು ಒಟ್ಟಿಗೆ ಸೇರಿ ದಪ್ಪವಾಗುತ್ತದೆ, ನಾಳೆ ಟೇಪ್ ಬಿಟ್ಟರೆ ಒಂದಕ್ಕೊಂದು ತಾಗುತ್ತದೆ.

ಬೆಸೆಯುವ ಮೊದಲೇ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ, ವೈರಿಗೆ ಪೋಣಿಸಿ. ಇದನ್ನು ಮರೆಯದವರು ಯಾರೂ ಇಲ್ಲ, ನಾನು ಎರಡು ಸಲ ಮರೆತೆ. ಒಳಗೆ ಅಂಟು ಇರುವ ಸ್ಲೀವ್ ಸಿಕ್ಕಿದರೆ ಬಹಳ ಒಳ್ಳೆಯದು, ಬಿಸಿಗೆ ಅಂಟು ಕರಗಿ ನೀರು ಒಳಗೆ ಹೋಗದ ಹಾಗೆ ಹಿಡಿಯುತ್ತದೆ. ಬರೀ ಇನ್ಸುಲೇಶನ್ ಟೇಪ್ ಕರಾವಳಿಯಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ. ಅಂಟು ಬೆಲ್ಲದ ಪಾಕದ ಹಾಗೆ ಹರಿದು ಬಿಡುತ್ತದೆ. ಬೆಸುಗೆಗೆ ರೇಡಿಯೋ ರಿಪೇರಿಯವರು ಬಳಸುವ, ಒಳಗೆ ರಾಳ ಇರುವ ಬೆಸುಗೆ ತಂತಿಯೇ ಬೇಕು. ತಗಡು ಬೆಸೆಯುವವರ ಆ್ಯಸಿಡ್ ಬೇಡವೇ ಬೇಡ, ಅದೂ ಹುಳಿಯ ಕಥೆಯೇ. ಬೆಸುಗೆ ಬಾರದವರು ಎರಡು ವೈರನ್ನು ಲೋಹದ ಸಣ್ಣ ಕೊಳವೆಗೆ ತೂರಿಸಿ ಒಳ್ಳೆಯ ಇಕ್ಕಳದಲ್ಲಿ ಅದುಮಿ ಕ್ರಿಂಪ್ ಮಾಡಿದರೂ ನಡೆಯುತ್ತದೆ. ಎಳೆದು ನೋಡಿ, ಬಿಟ್ಟು ಬರಬಾರದು ಅಷ್ಟೆ.

ಅರ್ತ್ ವೈರು ಹೋಗಿ ಸೇರುವ ಬೋಲ್ಟನ್ನೂ ನೋಡಿ. ಡಿಕ್ಕಿ ಒಳಗೆ ತಗಡಿಗೆ ಹಾಕಿರುತ್ತಾರೆ. ಬಿಚ್ಚಿ, ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್, ತುಕ್ಕು ಕೆರೆದು ಬೆಳ್ಳಗೆ ಮಾಡಿ, ವೈರಿನ ತುದಿಗೆ ಹೊಸ ರಿಂಗ್ ಟರ್ಮಿನಲ್ (ಬೋಲ್ಟಿಗೆ ಕೂರುವ ಲೋಹದ ಉಂಗುರ) ಹಾಕಿ ಬಿಗಿ ಮಾಡಿ. ಆಮೇಲೆ ಮೇಲಿನಿಂದ ಗ್ರೀಸ್ ಹಚ್ಚಿ. ನನ್ನ 2.6 ವೋಲ್ಟಿನಲ್ಲಿ ಸ್ವಲ್ಪ ಪಾಲು ಇಲ್ಲಿಯದ್ದೂ ಇತ್ತು.

ಬಲ್ಬು ಹಾಕುವ ಮೊದಲು ಪಾಯಿಂಟಿಗೂ ಬಲ್ಬಿನ ಹಿತ್ತಾಳೆಗೂ ನೀರು ತಾಗದ ಹಾಗೆ ಕಾಯುವ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಕೆಲವರು ವ್ಯಾಸಲೀನ್ ಹಚ್ಚುತ್ತಾರೆ. ಬ್ಯಾಟರಿ ಟರ್ಮಿನಲ್ಲಿಗೆ ಅದು ಸರಿ, ಬಲ್ಬಿನ ಬಿಸಿಗೆ ಕರಗಿ ಹರಿದುಹೋಗುತ್ತದೆ.

ಬ್ಯಾಟರಿ ಜೋಡಿಸಿ ನೋಡಿ. ಮೊದಲು ಪಾರ್ಕಿಂಗ್ ಲೈಟ್ ಹಾಕಿ, ಸಣ್ಣ ಬೆಳಕು ಬರಬೇಕು. ಅದು ಹತ್ತಿರುವಾಗಲೇ ಬ್ರೇಕ್ ಒತ್ತಿ, ಬೆಳಕು ಚಿಮ್ಮಬೇಕು. ಪಾರ್ಕಿಂಗ್ ಹಾಕಿದಾಗಲೇ ಪ್ರಖರವಾಗಿ ಹತ್ತಿ, ಬ್ರೇಕ್ ಒತ್ತಿದಾಗ ಹೆಚ್ಚೇನೂ ಬದಲಾಗದಿದ್ದರೆ ಎರಡು ವೈರು ಅದಲುಬದಲಾಗಿದೆ ಅಂತ ಅರ್ಥ. ಇದು ಅಪಾಯದ ತಪ್ಪು. ಹಗಲು ಹೊತ್ತು ಗೊತ್ತೇ ಆಗುವುದಿಲ್ಲ, ರಾತ್ರಿ ಹಿಂದೆ ಬರುವ ಲಾರಿಯವನಿಗೆ ನೀವು ಬ್ರೇಕ್ ಹಾಕಿದ್ದು ಕಾಣುವುದಿಲ್ಲ. ಆಮೇಲೆ ಬ್ರೇಕ್ ಒತ್ತಿಕೊಂಡೇ ಇಂಡಿಕೇಟರ್ ಹಾಕಿ, ರಿವರ್ಸ್ ಹಾಕಿ. ಯಾವುದೂ ಇನ್ನೊಂದನ್ನು ಮಂಕು ಮಾಡಬಾರದು. ಬಲ್ಬು ಹತ್ತಿರುವಾಗ ಅರ್ತ್ ಮತ್ತೊಮ್ಮೆ ಅಳೆಯಿರಿ. ನನಗೆ 0.1 ಬಂತು.

ನೀರು ಬಂದ ದಾರಿ ಮುಚ್ಚದಿದ್ದರೆ ಇಷ್ಟೂ ಕೆಲಸ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ನಮ್ಮದರಲ್ಲಿ ಲ್ಯಾಂಪಿನ ರಬ್ಬರ್ ಒಣಗಿ ಚಪ್ಪಟೆಯಾಗಿತ್ತು. ಹೊಸ ರಬ್ಬರ್ ಸಿಗಲಿಲ್ಲ, ಸಿಲಿಕಾನ್ ಹಚ್ಚಿದೆ. ಬಾತ್ರೂಮಿಗೆ ಹಚ್ಚುವ ಅಗ್ಗದ ಸಿಲಿಕಾನ್ ಟ್ಯೂಬು ಮೂಸಿದರೆ ವಿನೆಗರ್ ವಾಸನೆ ಬರುತ್ತದೆ. ಒಣಗುವಾಗ ಬಿಡುವ ಆ ಹುಳಿ ಆವಿಯೇ ತಾಮ್ರಕ್ಕೆ ಕಿಲುಬು ತರಿಸುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ ತನ್ನಿ. ಲ್ಯಾಂಪಿನ ತಳದಲ್ಲಿ ಸಣ್ಣ ತೂತು ಇದ್ದರೆ ಉತ್ಸಾಹದಲ್ಲಿ ಅದನ್ನು ಮುಚ್ಚಬೇಡಿ, ಅದು ನೀರು ಇಳಿದುಹೋಗಲು ಇಟ್ಟದ್ದು. ಒಣಗಿದ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಹತ್ತು ನಿಮಿಷ ಕಾದು ಒಳಗೆ ಕೈ ಹಾಕಿ ನೋಡಿ.

ಹದಿನೈದು ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ತೋರಿಸಬೇಕಲ್ಲ, ಅಲ್ಲಿ ಲೈಟುಗಳನ್ನೂ ನೋಡುತ್ತಾರೆ. ಆ ವಾರ ಓಡಾಡುವ ಬದಲು ಬೇಸಿಗೆಯಲ್ಲೇ ಈ ಕೆಲಸ ಮುಗಿಸಿ. ನಾನು ಎಡಗಡೆ ಮುಗಿಸಿದ ಹುರುಪಿನಲ್ಲಿ ಬಲಗಡೆಯದ್ದನ್ನೂ ಬಿಚ್ಚಿ ನೋಡಿದೆ. ಪಾಯಿಂಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು. ಹೋಲ್ಡರ್ ತಂದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟಾಗಿದೆ. ಇನ್ನು ಮಳೆ ಬಿಡಬೇಕು.